ಚಿಯು-ಮೇ ಬರೆದ ‘ಹುಡುಕು’

ಲ್ಯಾವ್ ಚಿಯು-ಮೇ ನಮ್ಮ ಕಂಪನಿಗೆ ಬಂದದ್ದು ಬೆಸುಗೆ ಹಾಕುವ ಕೆಲಸಕ್ಕೆ. ಊರು ಶೀಲೋ. ಅಪ್ಪ ಅಲ್ಲಿನ ಸೋಯಾ ಸಾಸ್ ಅಂಗಳವೊಂದರಲ್ಲಿ ಆಳು. ಬಿಸಿಲಿಗೆ ಸಾಲಾಗಿ ಇಟ್ಟ ಮಣ್ಣಿನ ಹಂಡೆಗಳ ನಡುವೆ ಬೆಳೆದ ಹುಡುಗಿ. ಊರಿಗೆ ಹೋಗಿ ಬಂದ ದಿನ ಅವಳ ಜಾಕೆಟ್ಟಿನಿಂದ ಹುದುಗು ಬಂದ ಕಪ್ಪು ಸೋಯಾ ಕಾಳಿನ ಉಪ್ಪುವಾಸನೆ ಬರುತ್ತಿತ್ತು. ಯಾರಾದರೂ ಮೂಗು ಮುರಿದರೆ, "ವಾಸನೆ ಬೇಡ ಅಂದ್ರೆ ಮಧ್ಯಾಹ್ನ ನನ್ನ ಬಾಟ್ಲಿಗೆ ಕೈ ಹಾಕ್ಬೇಡಿ" ಅನ್ನುತ್ತಿದ್ದಳು. ಅವಳು ತರುತ್ತಿದ್ದ ಸಾಸ್ ಇಲ್ಲದೆ ನಮಗೆ ಯಾರಿಗೂ ಅನ್ನ ಇಳಿಯುತ್ತಿರಲಿಲ್ಲ.

ಕಂಪನಿ ಇದ್ದದ್ದು ತೈಚುಂಗ್‌ನ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೀಪದ ಫಲಕ, ತೂಕದ ಯಂತ್ರ, ಆಸ್ಪತ್ರೆಯಲ್ಲಿ ಸರದಿ ಕೂಗುವ ಪೆಟ್ಟಿಗೆ, ಹೀಗೆ ಗಿರಾಕಿ ಕೇಳಿದ್ದನ್ನೆಲ್ಲ ಮಾಡಿಕೊಡುತ್ತಿದ್ದೆವು. ಯಜಮಾನರು ಪೆಂಗ್, ಬಾಯಿ ತುಂಬ ಮಾತು ಕೊಡುವವರು. ಆ ಮಾತನ್ನು ಉಳಿಸುವ ಕೆಲಸ ಅವರ ಹೆಂಡತಿಯದು. ನಾನು ಪರೀಕ್ಷೆಯ ಮೇಜಿನಲ್ಲಿ ಕೂರುತ್ತಿದ್ದೆ. ತಯಾರಾದ ಪ್ರತಿಯೊಂದು ಪೆಟ್ಟಿಗೆಯನ್ನೂ ಒತ್ತಿ, ಕುಟ್ಟಿ, ಬಿಸಿ ಮಾಡಿ ನೋಡುವುದು ನನ್ನ ಪಾಲಿಗಿತ್ತು. ಚಿಯು-ಮೇ ನನ್ನ ಪಕ್ಕದ ಮೇಜಿನವಳು, ನನ್ನನ್ನು ಯುನ್ ಅಕ್ಕ ಅಂತ ಕರೆಯುತ್ತಿದ್ದಳು.

ಬೆಸುಗೆ ಹಾಕುವವಳಿಗೆ ಪ್ರೋಗ್ರಾಮಿನ ಗೀಳು ಹತ್ತಿದ್ದು ಹೇಗೆಂದು ಕೇಳಿದರೆ, ನಾನೇ ಸಾಕ್ಷಿ. ತಾನು ಬೆಸೆದ ಸರ್ಕ್ಯೂಟ್ ಹಲಗೆ ನನ್ನ ಮೇಜಿಗೆ ಬಂದು ದೀಪ ಹೊತ್ತಿಕೊಂಡಾಗಲೆಲ್ಲ ಅವಳು ಎದ್ದು ಬಂದು ನಿಲ್ಲುತ್ತಿದ್ದಳು. "ತಂತಿ ಹಾಕಿದ್ದು ನಾನು, ಸರಿ. ಆದ್ರೆ ಯಾವ ದೀಪ ಯಾವಾಗ ಉರೀಬೇಕು ಅಂತ ಇದಕ್ಕೆ ಹೇಳೋರು ಯಾರಕ್ಕಾ?" ಹೇಳುವವರು ನಮ್ಮಲ್ಲಿ ಪ್ರೋಗ್ರಾಮ್ ಬರೆಯುವ ಕಾಂಗ್ ಮೇಷ್ಟ್ರು ಅಂತ ತೋರಿಸಿದೆ. ಅವಳು ಸಂಜೆಯ ತಾಂತ್ರಿಕ ಶಾಲೆ ಸೇರಿದಳು, ಡಿಪ್ಲೊಮಾ ಮುಗಿಸಿದಳು, ಆಮೇಲೆ ಮೇಷ್ಟ್ರ ಎದುರಿನ ಕುರ್ಚಿಯನ್ನು ಹಟ ಹಿಡಿದು ಗಿಟ್ಟಿಸಿಕೊಂಡಳು. ಯಜಮಾನರು ಬೆಸುಗೆಗೆ ಬೇರೆ ಆಳು ಸಿಗುವವರೆಗೂ ಎರಡೂ ಕೆಲಸ ಅವಳಿಂದಲೇ ಮಾಡಿಸಿದರು. ಅವಳು ಎರಡನ್ನೂ ಮಾಡಿದಳು.

ಕಾಂಗ್ ಮೇಷ್ಟ್ರು ಸೈನಿಕರ ವಸತಿಯಲ್ಲಿ ಬೆಳೆದವರು. ಅಳೆದು ಮಾತಾಡುವ ಮನುಷ್ಯ. ನಾವು ಬಳಸುತ್ತಿದ್ದ ಕಂಪ್ಯೂಟರ್ ಚಿಪ್ಪಿನೊಳಗೆ ಜಾಗ ಅಂದರೆ ದೋಣಿಯ ಅಡುಗೆಮನೆಯಷ್ಟು. ಒಂದು ಸೌಟು ಹೆಚ್ಚಿಗೆ ಇಟ್ಟರೆ ಇನ್ನೊಂದು ಪಾತ್ರೆ ಹೊರಗಿಡಬೇಕು. ಅಷ್ಟು ಜಾಗದಲ್ಲಿ ಕೆಲಸ ನಡೆಯಲೆಂದು ಮೇಷ್ಟ್ರು ಸಿ ಭಾಷೆಯಲ್ಲಿ ಒಂದು ತಳಪಾಯ ಕಟ್ಟಿದ್ದರು. ಪದವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವುದು, ಅದರ ಉದ್ದ ಅಳೆಯುವುದು, ಎರಡು ಪದ ಒಂದೇ ಹೌದೋ ಅಲ್ಲವೋ ನೋಡುವುದು, ಇಂಥ ಒಂದೊಂದು ಕೆಲಸಕ್ಕೂ ಪ್ರೋಗ್ರಾಮಿನ ಪುಟ್ಟ ತುಣುಕುಗಳು, ಅಂದರೆ ಫಂಕ್ಷನ್‌ಗಳು. ಆ ತಳಪಾಯಕ್ಕೆ ಲೈಬ್ರರಿ ಎಂದು ಹೆಸರು. ಕಂಪನಿಯ ಯಾವ ಪೆಟ್ಟಿಗೆ ತೆರೆದರೂ ಅಡಿಯಲ್ಲಿ ಅದೇ ಇರುತ್ತಿತ್ತು. ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೆ ಅದನ್ನು ಬರೆದವರ ಹೆಸರು ಹಾಕುವುದು ಮೇಷ್ಟ್ರ ಪದ್ಧತಿ. ಎಲ್ಲದರ ಮೇಲೂ ಇದ್ದದ್ದು ಒಂದೇ ಹೆಸರು, ಕಾಂಗ್. ಬೇರೆಯವರು ಅದರೊಳಗೆ ಕೈ ಹಾಕುವ ಹಾಗಿರಲಿಲ್ಲ.

ಚಿಯು-ಮೇ ಮೇಷ್ಟ್ರ ಎದುರಿನ ಕುರ್ಚಿಗೆ ಬಂದ ವರ್ಷವೇ ಲೂಕಾಂಗ್‌ನ ಶೀ ಅಜ್ಜನಿಂದ ನಮಗೊಂದು ಕೆಲಸ ಬಂತು. ಮೂರು ತಲೆಮಾರಿನ ಗಿಡಮೂಲಿಕೆ ಅಂಗಡಿ. ಗೋಡೆಯುದ್ದಕ್ಕೂ ನೆಲದಿಂದ ಅಟ್ಟದವರೆಗೆ ಮರದ ಸೆಳೆಖಾನೆಗಳು. ಅಜ್ಜನ ಕಣ್ಣಿಗೆ ಪೊರೆ ಬಂದು ಹೆಸರು ಓದಲು ಆಗುತ್ತಿರಲಿಲ್ಲ. ಅಂಗಡಿಗೆ ಹೊಸದಾಗಿ ನಿಂತ ಸೊಸೆಗೆ ಯಾವ ಮೂಲಿಕೆ ಎಲ್ಲಿದೆ ಎನ್ನುವುದು ಗೊತ್ತಿರಲಿಲ್ಲ. ಕೀಲಿಮಣೆಯಲ್ಲಿ ಮೂಲಿಕೆಯ ಹೆಸರು ಒತ್ತಿದರೆ ಅದಿರುವ ಸೆಳೆಖಾನೆಯ ದೀಪ ಹೊತ್ತಬೇಕು, ಅರ್ಧ ಹೆಸರು ಒತ್ತಿದರೂ ಹುಡುಕಿಕೊಡಬೇಕು. "ಇಷ್ಟೇ ತಾನೆ, ಹಬ್ಬಕ್ಕೆ ಮುಂಚೆ ಕೊಡ್ತೀವಿ" ಎಂದು ಯಜಮಾನರು ಮಾತು ಕೊಟ್ಟರು. ಕೆಲಸ ಚಿಯು-ಮೇಗೆ ಬಂತು. ಹೆಸರು ಹುಡುಕುವ ಫಂಕ್ಷನ್ ಮೇಷ್ಟ್ರ ಲೈಬ್ರರಿಯಲ್ಲಿ ಇರಲಿಲ್ಲವಾದ್ದರಿಂದ, ಆ ಭಾಗವನ್ನು ತಾನೇ ಅವಸರದಲ್ಲಿ ಬರೆದು ಸೇರಿಸಿದಳು. ನನ್ನ ಮೇಜಿನಲ್ಲಿ ನಾಲ್ಕಾರು ಹೆಸರು ಒತ್ತಿ ನೋಡಿದೆವು. ಎಲ್ಲವೂ ಸರಿಯಾಗಿ ಬಂದವು.

ಲೂಕಾಂಗ್‌ಗೆ ಪೆಟ್ಟಿಗೆ ಕೊಂಡೊಯ್ದವರು ನಾವಿಬ್ಬರೇ. ಜೋಡಿಸಿ ಮುಗಿಸುವ ಹೊತ್ತಿಗೆ ಅಕ್ಕಪಕ್ಕದ ಅಂಗಡಿಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಸೊಸೆ ‘ಶುಂಠಿ’ ಎಂದು ಒತ್ತಿದಳು. ಎರಡು ದೀಪ ಹೊತ್ತಿಕೊಂಡವು. ಒಂದು ಶುಂಠಿಯದ್ದು. ಅಜ್ಜ ಎರಡನೆಯ ಸೆಳೆಖಾನೆ ಎಳೆದು, ಚಿಟಿಕೆ ಪುಡಿ ಮೂಗಿಗೆ ಹಿಡಿದರು.

"ಇದು ನಮ್ಮಪ್ಪ ಮಾಡಿದ ಕೆಮ್ಮಿನ ಪುಡಿ. ಹೆಸರೂ ನಮ್ಮಪ್ಪನೇ ಇಟ್ಟಿದ್ದು. ಇದರಲ್ಲಿ ಶುಂಠಿ ಇಲ್ಲ, ಹೆಸರಲ್ಲೂ ಇಲ್ಲ. ಏನಮ್ಮಾ, ನಿಮ್ಮ ಯಂತ್ರ ಬೆಳಿಗ್ಗೇನೇ ಏರಿಸ್ಕೊಂಡು ಬಂದಿದೆಯಾ?"

ಬಾಗಿಲಲ್ಲಿದ್ದವರು ಗೊಳ್ಳೆಂದು ನಕ್ಕರು. ಚಿಯು-ಮೇ ನಗಲಿಲ್ಲ, ನೆಪವನ್ನೂ ಹೇಳಲಿಲ್ಲ. "ತಪ್ಪು ನಂದು ಅಜ್ಜಾ. ಯಾಕೆ ಹೀಗಾಯ್ತು ಅಂತ ನಂಗಿನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಂಡು ಬರ್ತೀನಿ. ಅಲ್ಲೀವರೆಗೂ ಇದನ್ನ ಮುಟ್ಟಬೇಡಿ" ಎಂದು ತಂತಿ ಕಿತ್ತು ಪೆಟ್ಟಿಗೆಯನ್ನು ವಾಪಸು ಹೊತ್ತುಕೊಂಡಳು. ಅಜ್ಜ ನಗುವುದನ್ನು ನಿಲ್ಲಿಸಿ, ಇಬ್ಬರಿಗೂ ಕುಡಿಯಲು ಸೇವಂತಿಗೆ ಕಷಾಯ ಕೊಟ್ಟು ಕಳಿಸಿದರು.

ಬರುವ ದಾರಿಯಲ್ಲೇ ಅವಳು ತಪ್ಪನ್ನು ಕಾಗದದ ಮೇಲೆ ಹುಡುಕತೊಡಗಿದಳು. ಕಾರಣವನ್ನು ಮರುದಿನ ಮಧ್ಯಾಹ್ನದೊಳಗೆ ಹಿಡಿದಳು. ಅದನ್ನು ವಿವರಿಸಿದ್ದು ಯಜಮಾನರಿಗಲ್ಲ, ಅವರ ಹೆಂಡತಿಗೆ. ಅಂದು ತಿಂಗಳ ಪೂಜೆಯ ದಿನ. ಪೆಂಗ್ ಅಮ್ಮಾವ್ರು ಕೆಳಗೆ ಅಂಗಡಿಯ ಮುಂದೆ ಮೇಜಿಟ್ಟು, ಹಣ್ಣು ಬಿಸ್ಕತ್ತು ಜೋಡಿಸಿ ಊದುಬತ್ತಿ ಹಚ್ಚುತ್ತಿದ್ದರು.

"ಅಮ್ಮಾವ್ರೇ, ಇಂಗ್ಲಿಷಿನ ಅಕ್ಷರಕ್ಕೆ ಯಂತ್ರದೊಳಗೆ ಒಂದು ಮನೆ ಸಾಕು, ನಮ್ಮ ಒಂದೊಂದು ಚೀನೀ ಅಕ್ಷರಕ್ಕೂ ಎರಡೆರಡು ಮನೆ ಬೇಕು. ಮೊದಲ ಮನೇಲಿ ಗಂಡ, ಎರಡನೇ ಮನೇಲಿ ಹೆಂಡ್ತಿ ಅನ್ಕೊಳ್ಳಿ. ಇಬ್ಬರೂ ಸೇರಿದ್ರೇನೇ ಒಂದು ಅಕ್ಷರ."

"ಸರಿ."

"ನಾನು ಬರೆದಿದ್ದು ಹೆಂಗಿತ್ತು ಅಂದ್ರೆ, ಸಾಲಲ್ಲಿ ಒಂದೊಂದೇ ಮನೆ ಮುಂದೆ ನಿಂತು, ಈ ಮನೆ ಮತ್ತು ಮುಂದಿನ ಮನೆ ಸೇರಿದ್ರೆ ನಾನು ಹುಡುಕ್ತಿರೋ ಜೋಡಿನಾ ಅಂತ ಕೇಳೋದು. ಅಲ್ಲೊಂದು ಕಡೆ ಈ ದಂಪತಿಯ ಹೆಂಡ್ತಿನ, ಪಕ್ಕದ ದಂಪತಿಯ ಗಂಡನ ಜೊತೆ ನಿಲ್ಲಿಸಿ, ಓಹೋ, ಸಿಕ್ತು ಅಂದುಬಿಟ್ಟಿದೆ."

ಅಮ್ಮಾವ್ರು ಊದುಬತ್ತಿ ಕೈಯಲ್ಲಿ ಹಿಡಿದುಕೊಂಡೇ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. "ಅಯ್ಯೋ ದೇವ್ರೇ, ಮರ್ಯಾದಸ್ಥರ ಅಂಗಡೀಲಿ ಇಂಥ ಕೆಲಸ ಮಾಡಿಸ್ಬಿಟ್ಟೆಯಲ್ಲೇ!"

ಅಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ಬಂದರು. ಅವರ ಬಳಿ ಪರಿಹಾರ ತಯಾರಿತ್ತು. "ತೊಂದ್ರೆ ಇರೋದು ಒಂದೇ ಪುಡೀದು ತಾನೆ? ಆ ಪುಡಿಗೆ ಬೇರೆ ಹೆಸರು ಇಡಿ ಅಂತ ಅಜ್ಜನಿಗೆ ಹೇಳಿದ್ರಾಯ್ತು."

"ಯಜಮಾನ್ರೇ, ಅದು ಅವರಪ್ಪ ಇಟ್ಟ ಹೆಸರು."

"ಹಾಗಾದ್ರೆ ಆ ಒಂದು ಪುಡಿಗೆ ಮಾತ್ರ ಏನಾದ್ರೂ ತೇಪೆ ಹಾಕು. ಬೇಗ ಆಗ್ಬೇಕು."

ಅಮ್ಮಾವ್ರು ಗಂಡನ ಕೈಗೆ ಊದುಬತ್ತಿ ತುರುಕಿ, "ನೀವು ದೇವರಿಗೆ ಕೈ ಮುಗೀರಿ, ಅವಳು ಕೆಲಸ ಮಾಡ್ತಾಳೆ" ಎಂದರು.

ತೇಪೆ ಹಾಕಲು ಚಿಯು-ಮೇಗೆ ಮನಸ್ಸಾಗಲಿಲ್ಲ. ಅವಳಿಗೆ ಇನ್ನೊಂದು ಅನುಮಾನ ಬಂದಿತ್ತು. ಬಸ್ ನಿಲ್ದಾಣಕ್ಕೆ ನಾವು ಮಾಡಿಕೊಡುತ್ತಿದ್ದ ಫಲಕವೊಂದು ನನ್ನ ಮೇಜಿನ ಮೇಲೆ ಕೂತಿತ್ತು. ಪ್ರಯಾಣಿಕ ಊರಿನ ಹೆಸರು ಒತ್ತಿದರೆ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆಂದು ತೋರಿಸುವಂಥದ್ದು. ಅದರಲ್ಲಿ ಹುಡುಕುವ ಭಾಗ ಬರೆದವನು ಕೆಲಸ ಬಿಟ್ಟು ಹೋಗಿದ್ದ. ಇಬ್ಬರೂ ಕೂತು ಊರಿನ ಹೆಸರುಗಳನ್ನು ಒಂದಾದ ಮೇಲೊಂದು ಒತ್ತುತ್ತ ಹೋದೆವು. ಕೊನೆಗೊಂದು ಕಡೆ ಫಲಕ, ಬೆಟ್ಟಕ್ಕೆ ಹೋಗುವವನನ್ನು ಸಮುದ್ರದ ಬಸ್ಸಿನ ಮುಂದೆ ನಿಲ್ಲಿಸಿತು. ಅದೇ ತಪ್ಪು.

"ನೋಡಿದ್ಯಾ ಅಕ್ಕಾ? ಯಾರು ಬರೆದ್ರೂ ಮೊದಲ ಸಲ ಹಿಂಗೇ ಬರೀತಾರೆ. ಇದು ತಳದಲ್ಲಿರಬೇಕು. ಒಂದೇ ಸಲ ಸರಿಯಾಗಿ ಬರೆದು ಎಲ್ಲರೂ ಅದನ್ನೇ ಬಳಸಬೇಕು."

"ತಳ ಅಂದ್ರೆ ಮೇಷ್ಟ್ರದ್ದು. ಕೇಳೋಕೆ ಧೈರ್ಯ ಇದೆಯಾ?"

"ಇಲ್ಲ" ಎಂದಳು. ಎದ್ದು ಹೋಗಿ ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಡ. ಜಾಗ ಇಲ್ಲ. ಯಾರಿಗೆ ಬೇಕೋ ಅವರು ತಮ್ಮ ತಮ್ಮ ಪ್ರೋಗ್ರಾಮಲ್ಲಿ ಬರ್ಕೊಳ್ಳಲಿ."

"ಬರ್ಕೊಂಡಿದ್ದಾರೆ ಮೇಷ್ಟ್ರೇ. ನಾನೂ ಬರ್ಕೊಂಡೆ, ಬಸ್ ಫಲಕದವನೂ ಬರ್ಕೊಂಡ. ಇಬ್ಬರದ್ದೂ ತಪ್ಪು, ಇಬ್ಬರದ್ದೂ ಎರಡೆರಡು ಪಟ್ಟು ಜಾಗ ತಿಂತಿದೆ."

"ತಳದಲ್ಲಿ ತಪ್ಪಾದ್ರೆ ಏನಾಗುತ್ತೆ ಗೊತ್ತಾ ನಿಂಗೆ? ನಿನ್ನ ತಪ್ಪು ಲೂಕಾಂಗ್‌ನ ಒಂದು ಅಂಗಡೀಲಿತ್ತು. ಇಲ್ಲಿಟ್ರೆ ಊರೆಲ್ಲ ಇರುತ್ತೆ."

"ಸರಿ ಇದ್ರೂ ಊರೆಲ್ಲ ಇರುತ್ತಲ್ಲ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕಾಗದದ ಚೂರಿನ ಮೇಲೆ ಒಂದು ಸಂಖ್ಯೆ ಬರೆದು ಮುಂದೆ ತಳ್ಳಿದರು. "ಉಳಿದಿರೋ ಜಾಗ ಇಷ್ಟು. ಇದರೊಳಗೆ ಕೂರಬೇಕು. ಕೂತ್ಮೇಲೆ ನಾನು ಒಡೆದು ನೋಡ್ತೀನಿ. ಒಡೆದ್ರೆ ಆ ಮಾತು ಅಲ್ಲಿಗೆ ಮುಗೀತು."

ನಾನು ಬಗ್ಗಿ ಆ ಸಂಖ್ಯೆ ನೋಡಿದೆ. ಅಷ್ಟು ಜಾಗದಲ್ಲಿ ಒಂದು ವಿಳಾಸವೂ ಹಿಡಿಸುವುದು ಕಷ್ಟ. ಅವಳು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಮನೆಮನೆಯ ಮುಂದೆ ನಿಲ್ಲುವುದನ್ನು ಬಿಟ್ಟು ದಂಪತಿಗಳನ್ನು ಜೋಡಿಯಾಗಿಯೇ ದಾಟುವುದು, ಇಂಗ್ಲಿಷಿನ ಒಂಟಿ ಅಕ್ಷರ ಬಂದರೆ ಒಂದೇ ಹೆಜ್ಜೆ ಇಡುವುದು. ಹೇಳಲು ಸುಲಭ. ಆದರೆ ಮೊದಲ ಸಲ ಬರೆದದ್ದು ಜಾಗಕ್ಕೆ ಹಿಡಿಸಲಿಲ್ಲ, ಎರಡನೆಯದು ಹಿಡಿಸಿತು ಆದರೆ ಓಡಲಿಲ್ಲ. ಊಟಕ್ಕೆ ಕೂತಾಗಲೂ ಅವಳ ಚಾಪ್‌ಸ್ಟಿಕ್ಕು ಅನ್ನದ ಮೇಲೆ ಎರಡೆರಡು ಹೆಜ್ಜೆ ಇಡುತ್ತಿತ್ತು. "ತಿನ್ನೇ, ಹಂದಿಮಾಂಸ ಆರಿಹೋಗ್ತಿದೆ" ಎಂದರೆ, "ಹ್ಞಾಂ" ಅನ್ನುವಳು, ತಿನ್ನುವುದಿಲ್ಲ.

ಕೊನೆಗೆ ಹಿಡಿಸಿತು, ಓಡಿತು. ಮೇಷ್ಟ್ರ ಮುಂದೆ ಇಟ್ಟಳು. ಅವರು ಅದನ್ನು ಓದಲೂ ಇಲ್ಲ, ನೇರವಾಗಿ ಕೀಲಿಮಣೆಗೆ ಕೈ ಹಾಕಿದರು.

"ಏನನ್ನೂ ಬರೀದೆ ಹುಡುಕು ಅಂದ್ರೆ ಏನು ಸಿಗಬೇಕು?"

"ಏನನ್ನೂ ಬರೀದೆ ಯಾರು ಹುಡುಕ್ತಾರೆ ಮೇಷ್ಟ್ರೇ?"

"ಶೀ ಅಜ್ಜನ ಅಂಗಡೀಲಿ ಯಾವುದೋ ಮಗು ಕೀಲಿ ಮೇಲೆ ಕೈ ಆಡಿಸುತ್ತೆ, ಆವಾಗ?"

ಚಿಯು-ಮೇ ಯೋಚಿಸಿದಳು. "ಶುರುವಿನ ಜಾಗನೇ ತೋರಿಸಿ ಸುಮ್ಮನಾಗ್ಬೇಕು. ನಂದು ಹಾಗೇ ಮಾಡುತ್ತೆ, ನೋಡಿ." ಹಾಗೇ ಮಾಡಿತು. ಮೇಷ್ಟ್ರು ಗಂಟಲಲ್ಲೇ ಏನೋ ಅಂದುಕೊಂಡು ಇನ್ನೊಂದು ಹೆಸರು ಹಾಕಿದರು. ಈ ಬಾರಿ ಕೊನೆಯ ಅಕ್ಷರವನ್ನು ಅರ್ಧಕ್ಕೇ ಕತ್ತರಿಸಿದ್ದರು, ಗಂಡ ಇದ್ದಾನೆ, ಹೆಂಡತಿಯ ಮನೆ ಖಾಲಿ. ಪರೀಕ್ಷೆಗೆಂದು ಜೋಡಿಸಿದ್ದ ಬಸ್ ಫಲಕ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಅರ್ಥವಿಲ್ಲದ ಗೀಟುಗಳನ್ನು ತುಂಬಿಕೊಂಡು ನಿಂತುಹೋಯಿತು.

"ಎರಡು ಹೆಜ್ಜೆ ಹಾರೋ ಭರದಲ್ಲಿ, ಹೆಸರು ಇಲ್ಲಿಗೆ ಮುಗೀತು ಅನ್ನೋ ಗುರುತನ್ನೇ ಹಾರಿ ಹೋಯ್ತು" ಎಂದರು ಮೇಷ್ಟ್ರು. "ಈಗ ಪಕ್ಕದವರ ಹೊಲದಲ್ಲಿ ಹುಡುಕ್ತಾ ಕೂತಿದೆ."

ಅವಳ ಮುಖ ಕೆಂಪಾಯಿತು. ಒಡೆದರೆ ಮಾತು ಮುಗಿಯಿತು ಎಂದಿದ್ದರಲ್ಲ. ನಾನು ಪರೀಕ್ಷೆಯ ಮೇಜಿನಲ್ಲಿ ತಲೆ ಬಗ್ಗಿಸಿಕೊಂಡೆ. ಚಿಯು-ಮೇ ಮಾತ್ರ ಕದಲಲಿಲ್ಲ.

"ಅರ್ಧ ಕತ್ತರಿಸಿದ ಹೆಸರು ನಿಜವಾಗ್ಲೂ ಬರುತ್ತಾ ಮೇಷ್ಟ್ರೇ?"

"ಬರುತ್ತೆ. ಉದ್ದದ ಹೆಸರು ಪೆಟ್ಟಿಗೇಲಿ ಹಿಡಿಸ್ದೇ ಇದ್ರೆ ನನ್ನ ನಕಲು ಫಂಕ್ಷನ್ನೇ ಕತ್ತರಿಸುತ್ತೆ."

"ಅಂದ್ರೆ ನಿಮ್ಮದೂ ದಂಪತಿನ ಅಗಲಿಸುತ್ತೆ."

ಮೇಷ್ಟ್ರ ತುಟಿಯ ಅಂಚು ಕೊಂಚ ಅಲುಗಿತು. "ಅಗಲಿಸುತ್ತೆ. ಅದನ್ನ ನಾನು ಸರಿ ಮಾಡ್ತೀನಿ. ನಿಂದನ್ನ ನೀನು ಸರಿ ಮಾಡು. ಆಮೇಲೆ ಮತ್ತೆ ಒಡೀತೀನಿ."

ಹೀಗೆ ಮಾತು ಮುಗಿಯಲಿಲ್ಲ, ಶುರುವಾಯಿತು. ಇಬ್ಬರೂ ಎದುರುಬದುರು ಕೂತು, ಒಬ್ಬರು ಕತ್ತರಿಸುವುದನ್ನು, ಇನ್ನೊಬ್ಬಳು ಹುಡುಕುವುದನ್ನು ತಿದ್ದತೊಡಗಿದರು. ಯಜಮಾನರು ಬಾಗಿಲಲ್ಲಿ ತಲೆ ಹಾಕಿ "ಹಬ್ಬ ಬಂತು" ಎಂದಾಗಲೆಲ್ಲ ಅಮ್ಮಾವ್ರು ಅವರನ್ನು ಎಳೆದುಕೊಂಡು ಹೋಗುತ್ತಿದ್ದರು. ಶೀ ಅಜ್ಜನಿಗೆ ಫೋನ್ ಮಾಡಿ ಗಡುವು ಮುಂದಕ್ಕೆ ಹಾಕಿಸಿದವರೂ ಅವರೇ. "ಕೆಮ್ಮಿನ ಪುಡಿ ಹೆಸರು ಬದಲಾಯಿಸ್ಬೇಕಾ ಅಂತ ಕೇಳೋಕೆ ಮಾಡಿದೆಯೇನಮ್ಮ?" ಎಂದು ಅಜ್ಜ ಕೇಳಿದರಂತೆ. "ಇಲ್ಲ ಅಪ್ಪಾಜಿ, ಆ ಹೆಸರಿಗೆ ತಕ್ಕ ಹಾಗೆ ನಮ್ಮ ಯಂತ್ರನೇ ಬದಲಾಗ್ತಿದೆ" ಎಂದರಂತೆ ಇವರು.

ಚಿಯು-ಮೇ ತಂದ ಕೊನೆಯ ಹಾಳೆ ಮೊದಲಿನದಕ್ಕಿಂತ ಚಿಕ್ಕದಿತ್ತು. ತಪ್ಪು ತಿದ್ದಿದರೆ ಉದ್ದವಾಗುವುದು ಲೋಕರೂಢಿ. ಅವಳು ಕೊನೆಯನ್ನು ನೋಡುವ ಕೆಲಸವನ್ನೂ ಹೆಜ್ಜೆಯಿಡುವ ಕೆಲಸವನ್ನೂ ಒಂದೇ ಮಾಡಿಬಿಟ್ಟಿದ್ದಳು. ಮೇಷ್ಟ್ರು ಮನಸ್ಸಿಗೆ ಬಂದ ಕುತಂತ್ರವನ್ನೆಲ್ಲ ಮಾಡಿದರು. ಬಸ್ ಫಲಕದ ಊರುಗಳು, ಅಜ್ಜನ ಮೂಲಿಕೆಗಳು, ತಮ್ಮದೇ ಹೆಸರನ್ನು ತಿರುಗುಮುರುಗು ಮಾಡಿದ್ದು, ಒಂದೇ ಅಕ್ಷರ ಸಾಲಾಗಿ ಹತ್ತಾರು ಸಲ. ಯಾವುದಕ್ಕೂ ಬಗ್ಗಲಿಲ್ಲ. ಆಮೇಲೆ ಪೆನ್ಸಿಲ್ ಹಿಡಿದು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಒಂದು ಕಡೆಯೂ ಗೀಟು ಎಳೆಯಲಿಲ್ಲ.

"ತೆಗೆಯೋಕೆ ಏನೂ ಬಿಟ್ಟಿಲ್ಲ ನೀನು" ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. "ಏನು ಹೆಸರಿಡ್ತೀಯ?"

"ಹುಡುಕು ಅಂತ."

"ಅಷ್ಟೇನಾ?"

"ಅಷ್ಟೇ ತಾನೆ ಅದು ಮಾಡೋದು."

ಮೇಷ್ಟ್ರು ಲೈಬ್ರರಿಯ ಕಡತ ತೆರೆದು, ಅವಳ ಫಂಕ್ಷನ್ನನ್ನು ತಮ್ಮ ಕೈಯಾರೆ ಅದರೊಳಗೆ ಸೇರಿಸಿದರು. ಅದರ ನೆತ್ತಿಯ ಮೇಲೆ, ಕಾಂಗ್ ಎಂದು ಒತ್ತಿ ಅಭ್ಯಾಸವಾದ ಬೆರಳುಗಳನ್ನು ತಡೆದು, ಲ್ಯಾವ್ ಚಿಯು-ಮೇ ಎಂದು ನಿಧಾನವಾಗಿ ಒತ್ತಿದರು. ನಾವೆಲ್ಲ ಬೆನ್ನ ಹಿಂದೆ ನಿಂತಿದ್ದೆವು. ಅಮ್ಮಾವ್ರು ಅವಳ ಬೆನ್ನು ತಟ್ಟಿದ ರಭಸಕ್ಕೆ ಅವಳು ಮೇಜಿಗೆ ಮುಗ್ಗರಿಸಿದಳು. ಯಜಮಾನರು ಎಲ್ಲರಿಗೂ ಪಪ್ಪಾಯಿ ಹಾಲು ತರಿಸಿದರು. ಚಿಯು-ಮೇ ತನ್ನ ಲೋಟ ಮುಟ್ಟದೆ ಪರದೆಯನ್ನೇ ನೋಡುತ್ತ ನಿಂತಿದ್ದಳು.

ಲೂಕಾಂಗ್‌ಗೆ ಈ ಸಲ ಮೇಷ್ಟ್ರೂ ಬಂದರು. ಬಾಗಿಲಲ್ಲಿ ಹೋದ ಸಲಕ್ಕಿಂತ ಹೆಚ್ಚು ಜನ. ಸೊಸೆ ‘ಶುಂಠಿ’ ಒತ್ತಿದಳು. ಒಂದೇ ದೀಪ. ಕೆಮ್ಮಿನ ಪುಡಿಯ ಹೆಸರು ಒತ್ತಿದಳು. ಅದರದ್ದೇ ದೀಪ. ಅಜ್ಜ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಊರಲ್ಲಿ ತಮಗೊಬ್ಬರಿಗೇ ನೆನಪಿದ್ದ ಹಳೆಯ ಹೆಸರುಗಳನ್ನು ಹೇಳುತ್ತ ಹೋದರು. ದೀಪಗಳು ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ಹೊತ್ತಿ ಆರುತ್ತಿದ್ದವು. ಪ್ರತಿ ಸಲವೂ ಅಜ್ಜ ಎದ್ದು ಹೋಗಿ ಮೂಸಿ ನೋಡಿ "ಹೂಂ" ಅನ್ನುವರು. ಕೊನೆಗೆ ಒಂದು ಹೆಸರು ಹೇಳಿದರು, ಯಾವ ದೀಪವೂ ಹೊತ್ತಲಿಲ್ಲ. ಚಿಯು-ಮೇ ನನ್ನ ತೋಳು ಹಿಂಡಿದಳು.

"ಸರಿಯಾಗಿದೆ" ಎಂದರು ಅಜ್ಜ. "ಅದು ನಮ್ಮಲ್ಲಿಲ್ಲ. ನಮ್ಮಪ್ಪನ ಕಾಲದಲ್ಲೇ ಮುಗಿದುಹೋಯ್ತು. ಎಷ್ಟೋ ಜನ ವ್ಯಾಪಾರಿಗಳು ಇಲ್ಲದ್ದನ್ನ ಇಲ್ಲ ಅನ್ನಲ್ಲ. ನಿನ್ನ ಯಂತ್ರ ಅನ್ನುತ್ತೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನೀವು ಮಾಡಿದ್ದಾ?" ಎಂದರು.

"ನಾನು ಒಡೆಯೋಕೆ ನೋಡಿದವನು" ಎಂದರು ಮೇಷ್ಟ್ರು. "ಮಾಡಿದ್ದು ಅವಳು."

ಬಸ್ ನಿಲ್ದಾಣದ ಫಲಕಕ್ಕೂ ಅದೇ ಫಂಕ್ಷನ್ ಹೋಯಿತು. ಆಮೇಲೆ ಮೀನು ಮಾರುಕಟ್ಟೆಯ ತೂಕದ ಯಂತ್ರಕ್ಕೆ, ಆಸ್ಪತ್ರೆಯ ಪೆಟ್ಟಿಗೆಗೆ. ಚಿಯು-ಮೇ ಹೊಸ ವರ್ಷಕ್ಕೆ ಊರಿಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಅವಳಪ್ಪ ಹಂಡೆಗಳ ನಡುವೆ ನಿಂತು ಕೇಳಿದರು, "ನಿನ್ನ ಹೆಸರು ಆ ಪೆಟ್ಟಿಗೆಯೊಳಗೆ ಇರುತ್ತಂತೆ ಹೌದಾ?"

"ಪೆಟ್ಟಿಗೆಯೊಳಗೆ ಇರಲ್ಲಪ್ಪ. ನಾವು ಬರೆಯೋ ಕಡೆ ಇರುತ್ತೆ. ಚಿಪ್ಪಿಗೆ ಹೋಗುವಾಗ ಹೆಸರು ಬಿಟ್ಟುಹೋಗುತ್ತೆ, ಕೆಲಸ ಮಾತ್ರ ಹೋಗುತ್ತೆ."

ಅವಳವ್ವ ಕೈಯಲ್ಲಿದ್ದ ಮೂಲಂಗಿ ಕೇಕಿನ ತಟ್ಟೆ ಕೆಳಗಿಟ್ಟು ಸಿಡುಕಿದರು. "ಹಂಗಾರೆ ಯಾರಿಗೂ ಕಾಣಾಕಿಲ್ವಾ? ಏನ್ ಬಂತು ಭಾಗ್ಯ!"

ಅಪ್ಪ ಹಂಡೆಯ ಮುಚ್ಚಳ ಸರಿಸಿ, ಸೌಟಿನ ತುದಿಯಲ್ಲಿ ಒಂದು ಹನಿ ಸಾಸ್ ತೆಗೆದು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. "ಬಾಟ್ಲಿ ಮೇಲೆ ನನ್ನ ಹೆಸರೂ ಇಲ್ಲ ಕಣೇ. ಆದ್ರೂ ಇದು ನನ್ನ ಹಂಡೆದು ಅಂತ ರುಚಿ ನೋಡಿದ್ರೆ ನಂಗೆ ಗೊತ್ತಾಗುತ್ತೆ" ಎಂದು ಮಗಳನ್ನು ನೋಡಿ ನಕ್ಕರು. ಅವಳು ತಲೆ ತಗ್ಗಿಸಿಕೊಂಡು ಮೂಲಂಗಿ ಕೇಕು ತಿಂದಳು. ಕಿವಿಯವರೆಗೂ ನಗು ಇತ್ತು.

ಅವ್ವನಿಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ರಜೆ ಮುಗಿದ ಮೇಲೆ ನಮ್ಮೊಂದಿಗೆ ತೈಚುಂಗ್‌ಗೆ ಬಂದು ನಾಲ್ಕು ದಿನ ಇದ್ದರು. ವಾಪಸು ಹೋಗುವಾಗ ಬಸ್ ನಿಲ್ದಾಣದಲ್ಲಿ ಆ ಫಲಕದ ಮುಂದೆ ನಿಂತು, ಮಗಳ ಕೈಯಲ್ಲಿ ‘ಶೀಲೋ’ ಎಂದು ಒತ್ತಿಸಿದರು. ಅಂಕಣದ ಸಂಖ್ಯೆ ಕೆಂಪಗೆ ಹೊತ್ತಿಕೊಂಡಿತು. ಬಸ್ಸು ಬಂದು ನಿಂತಿತ್ತು. ಅವ್ವ ಕದಲಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದ ಟೋಪಿಯ ಗಂಡಸಿನ ಕಡೆ ತಿರುಗಿದರು.

"ಇದು ಹುಡುಕ್ತಲ್ಲ, ಅದು ನನ್ನ ಮಗಳು."

"ಯಾರು ಕಳೆದುಹೋಗಿದ್ರಮ್ಮಾ?" ಎಂದ ಅವನು ಗಾಬರಿಯಿಂದ.

"ಯಾರೂ ಇಲ್ಲ! ಹೆಸರು ಹುಡುಕೋದು. ಒಳಗಡೆ. ಇವಳು ಬರೆದಿದ್ದು. ಎಲ್ಲಿಗೆ ಹೋಗ್ಬೇಕು ನೀವು, ಒತ್ತಿ ನೋಡಿ!"

ಅವನು ಒತ್ತಿದ. ಸಂಖ್ಯೆ ಬಂತು. "ಸರಿಯಾಗಿದೆ" ಎಂದ.

"ಮತ್ತೆ?" ಎಂದು ಅವ್ವ ಅವನ ಹಿಂದಿದ್ದವಳನ್ನು ಮುಂದಕ್ಕೆ ಕರೆದರು. ಚಾಲಕ ಹಾರನ್ ಒತ್ತುತ್ತಿದ್ದ. ಚಿಯು-ಮೇ ಅವ್ವನ ಗಂಟನ್ನು ಹೆಗಲಿಗೇರಿಸಿಕೊಂಡು ಪಕ್ಕದಲ್ಲೇ ನಿಂತಿದ್ದಳು, ಅವರನ್ನು ತಡೆಯಲು ಹೋಗಲಿಲ್ಲ.